ವೇಷಸ್ಪರ್ಧೆಗಳೂ ಅವುಗಳ ಮಾನದಂಡಗಳೂ: ಒಂದು ಪರಿಶೀಲನೆ

ಸೇಡಂ ತಾಲ್ಲೂಕಿನ ಮುಧೋಳದ ಪರಿಸರದಲ್ಲಿ ಜನಪದ ವೇಷಗಳ ವಿವರಗಳನ್ನು ಸಂಗ್ರಹಿಸುತ್ತಿದ್ದ ಕಾಲದಲ್ಲಿ ನಮಗೆ ಒಂದೇ ವೇಷವನ್ನು ಎರಡು ಸಭೆಗಳಲ್ಲಿ ನೋಡುವ ಅವಕಾಶ ದೊರೆಯಿತು. ವೇಷ ತೊಟ್ಟವನು ಹತ್ತು ವರ್ಷದ ಒಬ್ಬ ಹುಡುಗ. ತಂದೆಯ ಹಳೆಯ ಅಂಗಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಧೋತ್ರ, ತಲೆಗೆ ಸುತ್ತಿದ ವಸ್ತ್ರ, ಕೈಯಲ್ಲಿ ಸುತ್ತಿಗೆ ಮತ್ತು ಉಳಿ, ಮೈಗೆಲ್ಲ ಕಲ್ಲಿನ ಪುಡಿ: ಶಹಾಬಾದಿನ ಕಲ್ಲುಗಣಿಯ ಕೂಲಿಕಾರನ ವೇಷವದು. ಮೊದಲನೆಯ ಸಭೆಯಲ್ಲಿ ಆ ಹುಡುಗನಿಗೆ ಪ್ರಥಮ ಬಹುಮಾನ ಬಂದಿತು. ಎರಡು ತಿಂಗಳ ತರುವಾಯ ಬೇರೊಂದು ಸಭೆಯಲ್ಲಿ ಅವನಿಗೆ ಯಾವ ಸ್ಥಾನವೂ ದೊರೆಯಲಿಲ್ಲ. ಬಾಡಿಗೆಯ ಜರತಾರಿ ಉಡುಪಿನಲ್ಲಿ ಬಂದ ಒನಕೆ ಓಬವ್ವನಿಗೆ ಮೊದಲ ಸ್ಥಾನ ಸಂದಿತು. ನಿರ್ಣಾಯಕರು ಅಂಕಗಳ ಪಟ್ಟಿಯನ್ನು ಓದಲಿಲ್ಲ. ಓದತಕ್ಕ ಪಟ್ಟಿಯೇ ಇರಲಿಲ್ಲವೆಂದು ಅನಂತರ ತಿಳಿಯಿತು. ಹುಡುಗ ತನ್ನ ಗುರುಗಳ ಬಳಿಗೆ ಬಂದು, “ನಂದೇನ್ ತಪ್ಪಾತ್ರಿ ಸರ್?” ಎಂದು ಕೇಳಿದ. ಅವರ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

೧

ಮೊದಲು ಶಬ್ದಗಳ ವಿಚಾರವನ್ನು ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ನಮ್ಮ ಶಾಲೆಗಳು ಈ ಸ್ಪರ್ಧೆಯನ್ನು ‘ಛದ್ಮವೇಷ’ವೆಂದು ಕರೆಯುತ್ತವೆ. ಛದ್ಮವೆಂದರೆ ಮರೆ, ಕಪಟ. ಶಬ್ದಾರ್ಥವನ್ನೇ ಹಿಡಿದು ಹೋದರೆ ತೊಟ್ಟವನು ಯಾರೆಂದು ತಿಳಿಯದಂತೆ ಮರೆಯಾಗುವುದೇ ಛದ್ಮವೇಷದ ಸಿದ್ಧಿ. ಜಪಾನಿನಲ್ಲಿ ೧೯೮೩ರಲ್ಲಿ ನೊಬುಯುಕಿ ತಕಹಾಷಿ ಎಂಬ ಲೇಖಕರು ಬಳಕೆಗೆ ತಂದ ‘ಕಾಸ್‌ಪ್ಲೇ’ ಎಂಬ ಶಬ್ದದಲ್ಲಿ ಉಡುಪು ಮತ್ತು ಆಟ ಎಂಬ ಎರಡು ಅರ್ಥಗಳು ಕೂಡಿಕೊಂಡಿವೆ. ಚಿತ್ರಕಥೆ, ಚಲಚ್ಚಿತ್ರ ಅಥವಾ ಗಣಕಯಂತ್ರದ ಆಟಗಳ ಪಾತ್ರವೊಂದನ್ನು ಅಭಿಮಾನಿಯು ತನ್ನ ಮೈಮೇಲೆ ತಂದುಕೊಳ್ಳುವುದು ಅದರ ತಾತ್ಪರ್ಯ. ಇಲ್ಲಿ ಮರೆಯಾಗುವುದು ಮುಖ್ಯವಲ್ಲ. ಪಾತ್ರವು ನೋಡಿದೊಡನೆಯೇ ಗುರುತಿಗೆ ಸಿಕ್ಕಬೇಕು. ನಮ್ಮ ಸೀಮೆಯ ಹಗಲುವೇಷವಾದರೋ ಇವೆರಡರಿಂದಲೂ ಭಿನ್ನವಾದುದು. ನಿನ್ನೆ ರಾಮನಾಗಿದ್ದವನು ಇಂದು ರಾವಣನಾಗಿ ಬಂದಿದ್ದಾನೆಂಬುದು ಓಣಿಯವರಿಗೆಲ್ಲ ಗೊತ್ತು. ಗೊತ್ತಿದ್ದೂ ಮಕ್ಕಳು ಅವನಿಗೆ ಅಂಜುತ್ತಾರೆ, ಹಿರಿಯರು ಅವನಿಗೆ ದಾರಿ ಬಿಡುತ್ತಾರೆ.

ಮರೆಯಾಗುವುದು, ಗುರುತಾಗುವುದು, ಗುರುತಿದ್ದೂ ನಂಬಿಸುವುದು: ಇವು ಮೂರು ಬೇರೆ ಬೇರೆ ಗುರಿಗಳು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದರೆ ಅನ್ಯಾಯವಾಗದೆ ಇರದು.

೨

ವೇಷವನ್ನು ಅಳೆಯುವ ಪ್ರಶ್ನೆ ಇಂದಿನದಲ್ಲ. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಭಜಿಸಿ, ವೇಷಕ್ಕೆ ಸಂಬಂಧಿಸಿದ ಆಹಾರ್ಯವನ್ನು ಮತ್ತೆ ನಾಲ್ಕು ಬಗೆಯಾಗಿ ವಿವರಿಸುತ್ತದೆ. ಬಿದಿರು, ಬಟ್ಟೆ, ತೊಗಲು ಮೊದಲಾದವುಗಳಿಂದ ವಸ್ತುಗಳ ಆಕಾರವನ್ನು ನಿರ್ಮಿಸುವುದು ಪುಸ್ತ. ಮಾಲೆ, ಆಭರಣ, ಉಡುಪುಗಳ ಜೋಡಣೆ ಅಲಂಕಾರ. ಮೈಗೆ ಬಣ್ಣ ಹಚ್ಚುವುದು ಅಂಗರಚನೆ. ಪ್ರಾಣಿಗಳನ್ನು ರಂಗಕ್ಕೆ ತರುವುದು ಸಂಜೀವ. ಒಂದೇ ಹೆಸರಿನ ಕೆಳಗೆ ನಾಲ್ಕು ಕೌಶಲಗಳಿವೆ ಎಂಬ ಎಚ್ಚರ ಆ ಶಾಸ್ತ್ರಕಾರನಿಗೆ ಇದ್ದಿತು.

ಇದಕ್ಕಿಂತಲೂ ನಮಗೆ ಹೆಚ್ಚು ಪ್ರಯೋಜಕವಾದುದು ಅದೇ ಗ್ರಂಥದ ಸಿದ್ಧಿಪ್ರಕರಣ. ಪ್ರಯೋಗದ ಗುಣದೋಷಗಳನ್ನು ನಿರ್ಣಯಿಸುವವರನ್ನು ಅಲ್ಲಿ ‘ಪ್ರಾಶ್ನಿಕ’ರೆಂದು ಕರೆದಿದೆ. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ರಾಜ, ಬಿಲ್ವಿದ್ಯೆಯನ್ನು ಬಲ್ಲವನು, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ ಹೀಗೆ ಹತ್ತು ಮಂದಿಯನ್ನು ಹೆಸರಿಸಿ, ಒಬ್ಬೊಬ್ಬರೂ ತಮತಮಗೆ ತಿಳಿದ ವಿಷಯದಲ್ಲಿ ಮಾತ್ರ ತೀರ್ಪು ಕೊಡತಕ್ಕದ್ದೆಂದು ವಿಧಿಸಲಾಗಿದೆ. ಬಿಲ್ಲಿನ ನಿಲುವನ್ನು ವೈಯಾಕರಣನು ಅಳೆಯಲಾಗದು. ಶಬ್ದಶುದ್ಧಿಯನ್ನು ಬಿಲ್ಲುಗಾರನು ನಿರ್ಣಯಿಸಲಾಗದು. ಎಲ್ಲವನ್ನೂ ಒಬ್ಬನೇ ಬಲ್ಲನೆಂಬ ಭ್ರಮೆಗೆ ಆ ವ್ಯವಸ್ಥೆಯಲ್ಲಿ ಅವಕಾಶವಿಲ್ಲ. ಇಂದಿನ ನಮ್ಮ ಸಭೆಗಳಲ್ಲಾದರೋ ಮುಖ್ಯ ಅತಿಥಿಗಳಾಗಿ ಬಂದವರೇ ಅನೇಕ ವೇಳೆ ನಿರ್ಣಾಯಕರೂ ಆಗಿರುತ್ತಾರೆ.

೩

ಹೊರನಾಡುಗಳ ಸಮ್ಮೇಳನಗಳಲ್ಲಿ ಈ ಸ್ಪರ್ಧೆಗಳು ಹೇಗೆ ನಡೆಯುತ್ತವೆಂಬುದನ್ನು ಈಗ ನೋಡೋಣ. ಅವುಗಳನ್ನು ಅನುಕರಿಸಬೇಕೆಂಬುದು ನಮ್ಮ ಆಶಯವಲ್ಲ. ಒಂದೇ ಕಲೆಯನ್ನು ಬೇರೆ ಬೇರೆ ಸಭೆಗಳು ಎಷ್ಟು ಬಗೆಯಾಗಿ ವಿಂಗಡಿಸಬಲ್ಲವೆಂಬುದಕ್ಕೆ ಅಲ್ಲಿ ಸ್ಪಷ್ಟವಾದ ನಿದರ್ಶನಗಳಿವೆ.

ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲನೆಯ ವಿಶ್ವಸಮ್ಮೇಳನವು ೧೯೩೯ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದಾಗ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬ ಇಬ್ಬರು ಭವಿಷ್ಯಕಾಲದ ಉಡುಪನ್ನು ಧರಿಸಿ ಬಂದಿದ್ದರು. ಮರುವರ್ಷ ಷಿಕಾಗೋ ಸಮ್ಮೇಳನದಲ್ಲಿ ವೇಷಸ್ಪರ್ಧೆಯೇ ನಡೆಯಿತು. ಆ ಪರಂಪರೆಯ ಸ್ಪರ್ಧೆಗಳಲ್ಲಿ ಕಾಲಕ್ರಮದಲ್ಲಿ ಎರಡು ಪದ್ಧತಿಗಳು ನೆಲೆಗೊಂಡವು. ಒಂದು, ಸ್ಪರ್ಧಾಳುಗಳನ್ನು ಅವರ ಅನುಭವಕ್ಕೆ ತಕ್ಕಂತೆ ಹೊಸಬರು, ಪಳಗಿದವರು, ನಿಪುಣರು ಎಂದು ವಿಂಗಡಿಸುವುದು. ಇನ್ನೊಂದು, ರಂಗದ ಮೇಲಿನ ಪ್ರದರ್ಶನವನ್ನೂ ಉಡುಪಿನ ಕೈಗೆಲಸವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದು. ದೂರದಿಂದ ಥಳಥಳಿಸುವ ಉಡುಪಿನ ಹೊಲಿಗೆ ಕಳಪೆಯಾಗಿರಬಹುದು. ದೂರಕ್ಕೆ ಕಾಣದ ಕಸೂತಿ ಅತ್ಯುತ್ತಮವಾಗಿರಬಹುದು. ಎರಡಕ್ಕೂ ನ್ಯಾಯ ದೊರಕಬೇಕಾದರೆ ನೋಟಗಳೂ ಎರಡಾಗಬೇಕೆಂಬುದು ಆ ಪದ್ಧತಿಯ ತಿರುಳು.

ಜಪಾನಿನ ನಾಗೋಯಾ ನಗರದಲ್ಲಿ ೨೦೦೩ರಲ್ಲಿ ಆರಂಭವಾದ ವಿಶ್ವ ಕಾಸ್‌ಪ್ಲೇ ಸಮಾವೇಶವು ೨೦೦೫ರಿಂದ ಸ್ಪರ್ಧೆಯನ್ನು ನಡೆಸುತ್ತ ಬಂದಿದೆ. ಅದು ದೇಶದೇಶಗಳಿಂದ ಬರುವ ಜೋಡಿಗಳ ಸ್ಪರ್ಧೆಯಾಗಿ ಬೆಳೆಯಿತು. ಪಾತ್ರಗಳು ಜಪಾನಿನ ಚಿತ್ರಕಥೆ, ಚಲನಚಿತ್ರ ಅಥವಾ ಆಟಗಳಿಂದಲೇ ಬಂದಿರಬೇಕು. ಉಡುಪನ್ನು ಸ್ಪರ್ಧಾಳುಗಳೇ ತಯಾರಿಸಿರಬೇಕು. ಕೆಲವೇ ನಿಮಿಷಗಳ ರಂಗಪ್ರದರ್ಶನದಲ್ಲಿ ಪಾತ್ರವನ್ನು ಆಡಿ ತೋರಿಸಬೇಕು. ಇಲ್ಲಿ ಕೈಗೆಲಸ, ಅಭಿನಯ, ಮೂಲನಿಷ್ಠೆ ಈ ಮೂರಕ್ಕೂ ಬೆಲೆಯುಂಟು. ಷಿಕಾಗೋ ನಗರದ ಮತ್ತೊಂದು ಸಮ್ಮೇಳನದ ಸ್ಪರ್ಧೆಯು ಕವಚನಿರ್ಮಾಣ, ಹೊಲಿಗೆ ಮೊದಲಾದ ಕೌಶಲಗಳನ್ನೇ ಆಧಾರವಾಗಿಟ್ಟುಕೊಂಡು ವಿಭಾಗಗಳನ್ನು ಮಾಡಿದೆ. ಭರತನು ಪುಸ್ತವನ್ನೂ ಅಲಂಕಾರವನ್ನೂ ಬೇರ್ಪಡಿಸಿದ ನ್ಯಾಯವೇ ಅಲ್ಲಿ ತಿಳಿದೋ ತಿಳಿಯದೆಯೋ ಮರುಹುಟ್ಟು ಪಡೆದಿದೆಯೆಂದರೆ ತಪ್ಪಾಗಲಾರದು.

ನಮ್ಮ ದೇಶದ ಕಾಮಿಕ್ ಕಾನ್ ೨೦೧೧ರಲ್ಲಿ ದೆಹಲಿಯಲ್ಲಿಯೂ ೨೦೧೨ರಲ್ಲಿ ಬೆಂಗಳೂರಿನಲ್ಲಿಯೂ ಮೊದಲಾಯಿತು. ಅಲ್ಲಿಯ ಸ್ಪರ್ಧೆಗಳು ಪಾತ್ರವು ಯಾವ ಮೂಲದಿಂದ ಬಂದಿತೆಂಬುದನ್ನು ಹಿಡಿದು ವಿಭಾಗಗಳನ್ನು ಮಾಡಿದವು: ಚಿತ್ರಕಥೆ, ಜಪಾನೀ ಚಿತ್ರಕಥೆ, ಸಜೀವಚಿತ್ರ, ವೈಜ್ಞಾನಿಕ ಹಾಗೂ ಅದ್ಭುತಕಥೆ, ಗಣಕದ ಆಟ. ಮೂಲವನ್ನು ಹಿಡಿಯುವ ಈ ಕ್ರಮದಲ್ಲಿ ಅನುಕೂಲವೂ ಉಂಟು, ಅನನುಕೂಲವೂ ಉಂಟು. ತಮ್ಮ ಪಾತ್ರದ ಮೂಲವನ್ನು ಬಲ್ಲ ಪ್ರೇಕ್ಷಕರು ದೊರೆಯುವುದು ಅನುಕೂಲ. ಮುದ್ರಣದಲ್ಲಾಗಲಿ ಪರದೆಯ ಮೇಲಾಗಲಿ ಎಂದೂ ಬಾರದ ಪಾತ್ರಕ್ಕೆ ಈ ಐದರಲ್ಲಿ ಯಾವುದೂ ತನ್ನ ಮನೆಯಾಗಲಾರದು, ಇದು ಅನನುಕೂಲ. ಶಹಾಬಾದಿನ ಕಲ್ಲುಕುಟಿಗನಿಗೆ ಯಾವ ಚಿತ್ರಕಥೆಯ ಮೂಲವನ್ನು ತೋರಿಸಬೇಕು?

ಅನುಭವ, ಕೌಶಲ, ಮೂಲ ಎಂಬ ಮೂರು ವಿಭಜನತತ್ತ್ವಗಳನ್ನು ಇಲ್ಲಿ ಕಂಡೆವು. ಇವುಗಳಲ್ಲಿ ಯಾವುದೊಂದೂ ಸರ್ವಥಾ ಸರಿಯಲ್ಲ, ಯಾವುದೊಂದೂ ತಪ್ಪಲ್ಲ. ಆದರೆ ಈ ಸಭೆಗಳಿಗೆಲ್ಲ ಸಮಾನವಾದ ಒಂದು ಗುಣವನ್ನು ಗಮನಿಸಬೇಕು: ತಾವು ಏನನ್ನು ಅಳೆಯುತ್ತೇವೆಂಬುದನ್ನು ಅವು ಮೊದಲೇ ಸಾರುತ್ತವೆ. ಸ್ಪರ್ಧಾಳು ಸೋತರೆ ಯಾವುದರಲ್ಲಿ ಸೋತನೆಂಬುದು ಅವನಿಗೆ ತಿಳಿಯುತ್ತದೆ.

೪

ಇನ್ನು ಕನ್ನಡನಾಡಿನ ಸಭೆಗಳನ್ನು ನೋಡಿದರೆ ಇಲ್ಲಿಯೂ ವೈವಿಧ್ಯಕ್ಕೆ ಕೊರತೆಯಿಲ್ಲ. ಮಂಗಳೂರಿನ ಕದ್ರಿ ದೇವಾಲಯದಲ್ಲಿ ಕೃಷ್ಣಜನ್ಮಾಷ್ಟಮಿಯ ಸಮಯದಲ್ಲಿ ಕಲ್ಕೂರ ಪ್ರತಿಷ್ಠಾನವು ನಡೆಸಿಕೊಂಡು ಬಂದಿರುವ ಶ್ರೀಕೃಷ್ಣವೇಷ ಸ್ಪರ್ಧೆಯು ಇದಕ್ಕೆ ಒಳ್ಳೆಯ ಉದಾಹರಣೆ. ಕಂದಕೃಷ್ಣ, ಮುದ್ದುಕೃಷ್ಣ, ತುಂಟಕೃಷ್ಣ, ಬಾಲಕೃಷ್ಣ, ಕಿಶೋರಕೃಷ್ಣ ಎಂದು ವಯಸ್ಸಿನಿಂದ ಕೆಲವು ವಿಭಾಗಗಳು. ಗೀತಾಕೃಷ್ಣ, ಯಶೋದಾಕೃಷ್ಣ, ರಾಧಾಕೃಷ್ಣ ಎಂದು ಸಂದರ್ಭದಿಂದಲೂ ಸಂಬಂಧದಿಂದಲೂ ಕೆಲವು. ಯಕ್ಷಗಾನದ ಉಡುಪಿನಲ್ಲಿ ಬರುವ ಯಕ್ಷಕೃಷ್ಣನೆಂದು ಕಲಾಪ್ರಕಾರದಿಂದ ಇನ್ನೊಂದು. ಪಾತ್ರ ಒಂದೇ ಆಗಿದ್ದರೂ ಭಾವಗಳು ಹಲವೆಂಬ ತಿಳಿವಳಿಕೆ ಈ ವಿಂಗಡಣೆಯಲ್ಲಿ ಅಡಗಿದೆ. ತೊಟ್ಟಿಲ ಕೂಸನ್ನು ಗೀತೋಪದೇಶ ಮಾಡುವ ಕೃಷ್ಣನೊಡನೆ ತೂಗಿ ನೋಡುವ ಅವಿವೇಕಕ್ಕೆ ಅಲ್ಲಿ ಎಡೆಯಿಲ್ಲ.

ಅದೇ ಕರಾವಳಿಯಲ್ಲಿ ನವರಾತ್ರಿಯ ಸುತ್ತ ನಡೆಯುವ ಹುಲಿವೇಷದ ಸ್ಪರ್ಧೆಗಳ ರೀತಿ ಬೇರೆ. ಅಲ್ಲಿ ಸ್ಪರ್ಧಿಸುವುದು ತಂಡ, ಒಬ್ಬ ವ್ಯಕ್ತಿಯಲ್ಲ. ತಾಸೆಯ ಬಡಿತಕ್ಕೆ ತಕ್ಕ ಕುಣಿತ, ಬಣ್ಣಗಾರಿಕೆ, ಕಸರತ್ತು, ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವ ಸಾಹಸ, ಇವೆಲ್ಲವೂ ಕೂಡಿ ಒಂದು ವೇಷವಾಗುತ್ತದೆ. ಹುಲಿಯ ಪಟ್ಟೆಗಳನ್ನು ಬರೆದ ಬಣ್ಣಗಾರನು ಸಾಮಾನ್ಯವಾಗಿ ಕುಣಿಯುವವನಲ್ಲ. ಕುಣಿಯುವವನು ತನ್ನ ಮೈಯನ್ನು ಅವನ ಕುಂಚಕ್ಕೆ ಗಂಟೆಗಟ್ಟಲೆ ಒಪ್ಪಿಸಿ ನಿಂತಿರುತ್ತಾನೆ. ತೊಟ್ಟವನೇ ತಯಾರಿಸಿರಬೇಕೆಂಬ ನಾಗೋಯಾದ ನಿಯಮವನ್ನು ಇಲ್ಲಿಗೆ ತಂದರೆ ಹುಲಿಗಳೆಲ್ಲ ಬಣ್ಣವಿಲ್ಲದೆ ನಿಲ್ಲಬೇಕಾದೀತು.

ಶಾಲೆಗಳ ಛದ್ಮವೇಷ ಸ್ಪರ್ಧೆಯು ಈ ಎಲ್ಲಕ್ಕಿಂತ ವಿಸ್ತಾರವಾದುದು. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಅದೂ ಒಂದು ಸ್ಪರ್ಧೆ. ಕ್ಲಸ್ಟರ್ ಮಟ್ಟದಲ್ಲಿ ಗೆದ್ದ ಮಗು ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಹೋಗುವ ಏಣಿಯ ವ್ಯವಸ್ಥೆ ಅಲ್ಲಿದೆ. ಇದರ ಜೊತೆಗೆ ರಾಷ್ಟ್ರೀಯ ಹಬ್ಬಗಳು, ಮಹನೀಯರ ಜಯಂತಿಗಳು, ಊರಿನ ಸಂಘಗಳ ವಾರ್ಷಿಕೋತ್ಸವಗಳು ತಂತಮ್ಮ ಸ್ಪರ್ಧೆಗಳನ್ನು ನಡೆಸುತ್ತವೆ. ನಾವು ಕಂಡ ಮಟ್ಟಿಗೆ ಮಗುವಿಗೆ ದೊರೆಯುವುದು ಎರಡು ಮೂರು ನಿಮಿಷಗಳ ಅವಕಾಶ. ಬಸವಣ್ಣ, ಅಕ್ಕಮಹಾದೇವಿ, ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಅಂಬೇಡ್ಕರ್, ಸೈನಿಕ, ರೈತ, ಇವೇ ಮರುಮರಳಿ ಬರುವ ಪಾತ್ರಗಳು.

ಇಲ್ಲಿ ಏನನ್ನು ಅಳೆಯಲಾಗುತ್ತಿದೆ? ಉಡುಪಿನ ಸೊಗಸೆ? ಹಾಗಾದರೆ ಕಲಬುರಗಿಗೆ ಹೋಗಿ ಬಾಡಿಗೆಗೆ ಉಡುಪನ್ನು ತರಬಲ್ಲ ಮನೆಯ ಮಗು ಅರ್ಧ ಗೆದ್ದಂತೆಯೇ. ಮಾತಿನ ಸ್ಪಷ್ಟತೆಯೆ? ಹಾಗಾದರೆ ಅದು ಭಾಷಣಸ್ಪರ್ಧೆ. ವೇಷವು ಅದರ ಹೊದಿಕೆ ಮಾತ್ರ. ತೆಲಂಗಾಣದ ಗಡಿಗೆ ಹತ್ತಿರವಾದ ಮುಧೋಳದಂತಹ ಊರುಗಳಲ್ಲಿ ಮನೆಯ ಮಾತು ತೆಲುಗೋ ಉರ್ದುವೋ ಲಂಬಾಣಿಯೋ ಆಗಿರುವ ಮಕ್ಕಳು ಉಂಟೆಂಬುದನ್ನು ಇಲ್ಲಿ ನೆನೆಯಬೇಕು. ತಯಾರಿಕೆಯ ಕೌಶಲವೆ? ಹಾಗಾದರೆ ಬಹುಮಾನವು ರಾತ್ರಿಯೆಲ್ಲ ಕುಳಿತು ಕಾಗದದ ಕಿರೀಟವನ್ನು ಅಂಟಿಸಿದ ತಾಯಿಗೋ ಅಕ್ಕನಿಗೋ ಸಲ್ಲತಕ್ಕದ್ದು. ಈ ಮೂರರಲ್ಲಿ ಯಾವುದೂ ಹೇಯವಲ್ಲ. ಯಾವುದೆಂದು ಹೇಳದಿರುವುದೇ ದೋಷ.

ನಮ್ಮ ಹುಡುಗನ ವಿಷಯದಲ್ಲಿ ನಡೆದುದೂ ಇದೇ. ಮೊದಲನೆಯ ಸಭೆಯ ನಿರ್ಣಾಯಕರು ಅವನ ನಿಲುವನ್ನು, ಉಳಿಯನ್ನು ಹಿಡಿದ ಕೈಯನ್ನು, ಕಲ್ಲನ್ನು ಹೊಡೆಯುವ ಮುನ್ನ ಅದರ ಪದರವನ್ನು ಹೆಬ್ಬೆರಳಿನಿಂದ ತಡವಿ ನೋಡಿದ ಬಗೆಯನ್ನು ಗಮನಿಸಿದರು. ಅದು ತಂದೆಯ ಕೆಲಸವನ್ನು ದಿನವೂ ನೋಡಿದ ಕಣ್ಣಿನ ಅಭಿನಯ. ಎರಡನೆಯ ಸಭೆಯವರು ಉಡುಪಿನ ಹೊಳಪನ್ನು ನೋಡಿದರು. ಒಂದು ಸಭೆ ಆಂಗಿಕವನ್ನು ಅಳೆಯಿತು, ಇನ್ನೊಂದು ಅಲಂಕಾರವನ್ನು ಅಳೆಯಿತು. ಎರಡೂ ತಮ್ಮ ಸ್ಪರ್ಧೆಯನ್ನು ಛದ್ಮವೇಷವೆಂದೇ ಕರೆದುವು.

೫

ಈ ಸ್ಪರ್ಧೆಗಳ ಪರಿಧಿಯ ಹೊರಗೆ ಉಳಿದಿರುವ ಹಗಲುವೇಷದ ಮಾತನ್ನು ಇಲ್ಲಿ ಆಡದಿದ್ದರೆ ವಿಚಾರವು ಅಪೂರ್ಣವಾಗುತ್ತದೆ. ಬುಡ್ಗಜಂಗಮ ಮೊದಲಾದ ಅಲೆಮಾರಿ ಸಮುದಾಯಗಳವರು ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದ ಈ ಕಲೆಯು ಕಲ್ಯಾಣ ಕರ್ನಾಟಕದಲ್ಲಿಯೂ ತೆಲುಗುನಾಡಿನಲ್ಲಿಯೂ ಹಬ್ಬಿದೆ. ತೆಲುಗಿನಲ್ಲಿ ಅದನ್ನು ಪಗಟಿವೇಷವೆನ್ನುತ್ತಾರೆ. ರಂಗವಿಲ್ಲ, ಪರದೆಯಿಲ್ಲ, ದೀಪವಿಲ್ಲ. ಅರದಾಳ, ಕಾಡಿಗೆ, ಕುಂಕುಮಗಳ ಬಣ್ಣ ನಡುಹಗಲಿನ ಬಿಸಿಲನ್ನು ಎದುರಿಸಿ ನಿಲ್ಲಬೇಕು. ಒಂದು ಊರಿನಲ್ಲಿ ಹಲವು ದಿನ ಬಿಡಾರ ಹೂಡಿ, ದಿನಕ್ಕೊಂದು ವೇಷವನ್ನು ಹಾಕಿ, ಹಾರ್ಮೋನಿಯಂ, ತಬಲಾ, ತಾಳಗಳೊಡನೆ ಓಣಿ ಓಣಿಯನ್ನು ಸುತ್ತಿ, ಕೊನೆಯಲ್ಲಿ ಮನೆಮನೆಯ ಸಂಭಾವನೆಯನ್ನು ಪಡೆದು ಮುಂದಿನ ಊರಿಗೆ ಹೊರಡುವುದು ಅವರ ಕ್ರಮ.

ಈ ಕಲೆಯ ಶ್ರೇಷ್ಠತೆಯು ಮೂರು ನಿಮಿಷಗಳಲ್ಲಿ ಕಾಣುವಂಥದಲ್ಲ. ಸೋಮವಾರದ ರಾಮನಿಗೂ ಗುರುವಾರದ ಶೂರ್ಪನಖಿಗೂ ಇರುವ ಅಂತರವನ್ನು ಒಂದೇ ದೇಹದಲ್ಲಿ ಕಂಡಾಗಲೇ ಅದರ ಬೆಲೆ ತಿಳಿಯುತ್ತದೆ. ಎದುರಿಗೆ ಬಂದ ಎತ್ತಿನ ಬಂಡಿಗೂ ಕಟ್ಟೆಯ ಮೇಲೆ ಕುಳಿತ ಗೌಡರಿಗೂ ಪಾತ್ರವನ್ನು ಬಿಡದೆ ಉತ್ತರ ಕೊಡುವ ಸಮಯಸ್ಫೂರ್ತಿಯೇ ಅದರ ಜೀವಾಳ. ಇಂಥ ಕಲಾವಿದನ ಮಗನೊಬ್ಬನು ಶಾಲೆಯ ಛದ್ಮವೇಷಕ್ಕೆ ಬಂದರೆ, ಅವನ ಮನೆತನದ ವಿದ್ಯೆಯಲ್ಲಿ ನಮ್ಮ ಅಂಕಪಟ್ಟಿಗೆ ದಕ್ಕುವುದು ಬಣ್ಣ ಮತ್ತು ಕಿರೀಟ ಮಾತ್ರ. ಉಳಿದುದು ಪಟ್ಟಿಯ ಹೊರಗೆ ಉಳಿಯುತ್ತದೆ. ಅವನು ಸೋತರೆ ಕಲೆಯಲ್ಲಿ ಸೋತನೆಂದು ಹೇಳಲಾಗದು, ನಿಯಮದಲ್ಲಿ ಸೋತನೆನ್ನಬೇಕು. ಆದರೆ ಆ ಮಗುವು ಮನೆಗೆ ಕೊಂಡೊಯ್ಯುವ ತೀರ್ಮಾನ ಮೊದಲನೆಯದೇ ಆಗಿರುತ್ತದೆಂಬುದು ಶೋಚನೀಯ. ಅಪ್ಪನ ವಿದ್ಯೆ ಕೀಳೆಂದು ಅದು ನಂಬಿಬಿಡುತ್ತದೆ.

ಸ್ಪರ್ಧೆಗೆ ತರಲೇಬಾರದ ವೇಷಗಳೂ ಉಂಟೆಂಬುದನ್ನು ಇದೇ ಸಂದರ್ಭದಲ್ಲಿ ಹೇಳಬೇಕು. ನಮ್ಮ ಭಾಗದಲ್ಲಿ ಮೊಹರಮ್ಮಿನ ದಿನಗಳಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಜನರು ಹರಕೆ ಹೊತ್ತು ಫಕೀರರಾಗುತ್ತಾರೆ, ಹುಲಿವೇಷವನ್ನು ಹಾಕುತ್ತಾರೆ. ಅದು ದೇವರಿಗೆ ಸಲ್ಲಿಸುವ ಸೇವೆ. ಅಲ್ಲಿ ಮೊದಲನೆಯವನು, ಎರಡನೆಯವನು ಎಂಬ ಮಾತೇ ಅಸಂಗತ.

೬

ಮಕ್ಕಳ ಆಟಕ್ಕೆ ಇಷ್ಟೊಂದು ಶಾಸ್ತ್ರವಿಚಾರವೇಕೆಂದು ಕೆಲವರು ಆಕ್ಷೇಪಿಸಬಹುದು. ಕುಸ್ತಿಯೂ ಕಬಡ್ಡಿಯೂ ಆಟಗಳೇ. ಅವುಗಳ ನಿಯಮವು ಅಖಾಡಕ್ಕೆ ಇಳಿಯುವ ಪ್ರತಿಯೊಬ್ಬ ಹುಡುಗನಿಗೂ ಗೊತ್ತಿರುತ್ತದೆ. ವೇಷಕ್ಕೆ ಮಾತ್ರ ನಿಯಮ ಬೇಡವೆನ್ನುವುದು ಅದನ್ನು ಕಲೆಯೆಂದು ಒಪ್ಪದಿರುವುದಕ್ಕೆ ಸಮ. ನಿಯಮಗಳಿಂದ ಸಹಜತೆ ಬತ್ತುತ್ತದೆಂಬ ಇನ್ನೊಂದು ಆಕ್ಷೇಪಣೆಯಲ್ಲಿ ಸ್ವಲ್ಪ ಸತ್ಯಾಂಶವುಂಟು. ಆದರೆ ಹೇಳದ ನಿಯಮವೂ ನಿಯಮವೇ. ಅದು ಬಲ್ಲವರ ಮಕ್ಕಳಿಗೆ ಮಾತ್ರ ತಿಳಿದಿರುತ್ತದೆಂಬುದಷ್ಟೇ ವ್ಯತ್ಯಾಸ.

ಎಲ್ಲ ಸಭೆಗಳಿಗೂ ಒಂದೇ ಮಾನದಂಡವನ್ನು ವಿಧಿಸಬೇಕೆಂದು ಇದರಿಂದ ಸಿದ್ಧವಾಗುವುದಿಲ್ಲ. ಮುಧೋಳವಿರುವ ಸೇಡಂ ತಾಲ್ಲೂಕಿನಲ್ಲಿಯೇ ಮಳಖೇಡವೂ ಇದೆ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗವು ಕಾವ್ಯದಲ್ಲಿ ದಕ್ಷಿಣೋತ್ತರ ಮಾರ್ಗಗಳೆರಡನ್ನೂ ವಿವೇಚಿಸಿ, ಒಂದೊಂದರ ಗುಣಗಳನ್ನು ಬೇರೆ ಬೇರೆಯಾಗಿ ನಿರೂಪಿಸಿತು. ಮಾರ್ಗಗಳು ಹಲವಿರಬಹುದು, ಈ ಕಾವ್ಯ ಯಾವ ಮಾರ್ಗದ್ದೆಂದು ತಿಳಿದೇ ಗುಣದೋಷಗಳನ್ನು ಹೇಳಬೇಕು. ವೇಷಕ್ಕೂ ಇದೇ ವಿವೇಕ ಸಲ್ಲುತ್ತದೆ.

ಕಾಲೇಜುಗಳಲ್ಲಿಯೂ ಶಾಲೆಗಳಲ್ಲಿಯೂ ಇಂಥ ಸ್ಪರ್ಧೆಗಳನ್ನು ನಡೆಸುವ, ಅವುಗಳಿಗೆ ನಿರ್ಣಾಯಕರಾಗಿ ಹೋಗುವ ಅಧ್ಯಾಪಕ ಮಿತ್ರರಿಗೆ ನಾವು ಮೂರು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಒಂದನೆಯದು, ಉಡುಪು, ಅಭಿನಯ, ಮಾತು, ಕೈಗೆಲಸ ಇವುಗಳಲ್ಲಿ ಯಾವುದಕ್ಕೆ ಎಷ್ಟು ಅಂಕವೆಂಬುದನ್ನು ಸ್ಪರ್ಧೆಗೆ ಕೆಲವು ದಿನ ಮುಂಚೆಯೇ ಫಲಕದ ಮೇಲೆ ಬರೆಯಿಸಬೇಕು. ಎರಡನೆಯದು, ಬಾಡಿಗೆಯ ವೇಷವನ್ನೂ ಮನೆಯಲ್ಲಿ ಮಾಡಿದ ವೇಷವನ್ನೂ ಒಂದೇ ತಕ್ಕಡಿಯಲ್ಲಿ ಇಡದೆ, ಕೈಗೆಲಸಕ್ಕೆ ಪ್ರತ್ಯೇಕ ಬಹುಮಾನವನ್ನಿಟ್ಟು, ಅದನ್ನು ಮಾಡಿದವರ ಹೆಸರನ್ನೂ ಸಭೆಯಲ್ಲಿ ಓದಬೇಕು. ಮೂರನೆಯದು, ನಿರ್ಣಾಯಕರಲ್ಲಿ ಒಬ್ಬರಾದರೂ ವೇಷವನ್ನು ಕಟ್ಟಿ ಬಲ್ಲವರಾಗಿರಬೇಕು. ಬಯಲಾಟದ ಬಣ್ಣಗಾರರು, ಹಗಲುವೇಷದ ಹಿರಿಯರು ನಮ್ಮ ತಾಲ್ಲೂಕುಗಳಲ್ಲಿಯೇ ಇದ್ದಾರೆ. ಹಾರ ಹಾಕಿ ಸನ್ಮಾನಿಸಿ ಕಳುಹಿಸುವುದಕ್ಕಿಂತ ಅವರನ್ನು ಪ್ರಾಶ್ನಿಕರ ಪೀಠದಲ್ಲಿ ಕೂರಿಸುವುದು ಅವರ ವಿದ್ಯೆಗೆ ಸಲ್ಲಿಸುವ ಹೆಚ್ಚಿನ ಗೌರವ.

ಆ ಹುಡುಗನ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಅವನದು ತಪ್ಪೇನೂ ಇರಲಿಲ್ಲ. ಅವನು ಒಂದು ಪರೀಕ್ಷೆಗೆ ಸಿದ್ಧನಾಗಿ ಬಂದಿದ್ದ. ಸಭೆಯವರು ಬೇರೊಂದು ಪರೀಕ್ಷೆಯನ್ನು ಮಾಡಿದರು, ಅದನ್ನು ಅವನಿಗೆ ಹೇಳಲಿಲ್ಲ. ಮುಂದಿನ ಸಲ ಹೇಳುವುದು ದೊಡ್ಡವರಾದ ನಮ್ಮ ಕೆಲಸ.